ಐದು ಸ್ಟಾರಿನ ಗಾಡಿ, ಅರವತ್ತೊಂದು ಕಿಲೋದ ಅತ್ತೆ

ಎಷ್ಟು ಅಂಕ ಬಂತು ಎನ್ನುವುದಕ್ಕಿಂತ ಎಷ್ಟು ಹೋಯಿತು, ಎಲ್ಲಿ ಹೋಯಿತು ಎಂದು ಕೇಳುವುದು ಉಜ್ವಲಾಳ ಸ್ವಭಾವ. ಜಮಖಂಡಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೊಂದು ವರ್ಷ ವಿಜ್ಞಾನ ಕಲಿಸಿ, ಅಷ್ಟೂ ವರ್ಷ ಕೆಂಪು ಪೆನ್ನು ಹಿಡಿದು ಬಂದ ಗುಣ ಅದು. ಮಗಳು ಮೇಘಾ ಹತ್ತನೆಯ ಪರೀಕ್ಷೆಯಲ್ಲಿ ತಾಲೂಕಿಗೇ ಎರಡನೆಯವಳಾಗಿ ಬಂದ ದಿನ ಮನೆಯವರೆಲ್ಲ ಪೇಢೆ ಹಂಚುವ ಗಡಿಬಿಡಿಯಲ್ಲಿದ್ದರೆ, ಇವಳು ಗಣಿತದಲ್ಲಿ ಹೋದ ಒಂದು ಅಂಕದ ಬೆನ್ನು ಹತ್ತಿದ್ದಳು. ಈಗ ಮೇಘಾ ಧಾರವಾಡದ ಹಾಸ್ಟೆಲಿನಲ್ಲಿದ್ದಾಳೆ. ಫಲಿತಾಂಶದ ದಿನ ಫೋನು ಬಂದ್ ಮಾಡಿಡುವುದನ್ನು ಕಲಿತಿದ್ದಾಳೆ.

ಹಾಗಾಗಿ ಗಂಡ ಪದ್ಮರಾಜ ಒಂದು ಸಂಜೆ ತೇರದಾಳದ ಮನೆಗೆ ನುಣುಪು ಕಾಗದದ ಪುಸ್ತಕವೊಂದನ್ನು ತಂದು ಅವಳ ಮುಂದೆ ಹರವಿದಾಗ, ಆ ದೊಡ್ಡ ಗಾಡಿಯ ಚಿತ್ರ ಅವಳ ಕಣ್ಣಿಗೆ ಬೀಳಲೇ ಇಲ್ಲ. ಏಳು ಸೀಟು, ತೆರೆದುಕೊಳ್ಳುವ ಗಾಜಿನ ಮಾಳಿಗೆ, ಕೂತವರ ಬೆನ್ನಿಗೆ ತಣ್ಣನೆಯ ಗಾಳಿ ಊದುವ ಸೀಟುಗಳು. ಪದ್ಮರಾಜನಿಗೆ ಕಬ್ಬಿನ ಹೊಲವಿತ್ತು, ಊರ ಹೊರಗೆ ಬೆಲ್ಲ ಕಾಯಿಸುವ ಗಾಣವಿತ್ತು. ಹಿಂದೆ ಮುಂದೆ ನೋಡದೆ ಆಸೆಪಡುವ ಮನಸ್ಸೂ ಇತ್ತು.

"ಐದ ಸ್ಟಾರ್ ಅದಾವ ಇದಕ್ಕ. ಗ್ವಾಡಿಗೆ ಗುದ್ದಿಸಿ ನೋಡಿ ಕೊಟ್ಟಾರ," ಎಂದ.

"ಅಂಕಪಟ್ಟಿ ಎಲ್ಲೈತಿ?"

"ಐದಕ್ಕ ಐದು ಬಂದಾವಂದ್ರ ಅಂಕಪಟ್ಟಿ ಯಾಕ ಬೇಕ?"

"ಫಸ್ಟ್ ಕ್ಲಾಸ್ ಬಂದವರೆಲ್ಲಾ ಒಂದ ಆಗ್ತಾರೇನ್ರಿ?" ಎಂದು ಉಜ್ವಲಾ ಫೋನು ತೆಗೆದಳು.

ಅಪಘಾತ ಪರೀಕ್ಷೆಯ ವರದಿ ಸಿಕ್ಕಿತು. ಮರುದಿನ ಜಮಖಂಡಿಯಲ್ಲಿ ಅದನ್ನು ಪ್ರಿಂಟ್ ತೆಗೆಸಿ ಮೂರು ಸಂಜೆ ಓದಿದಳು. ಗಾಡಿಯೊಳಗೆ ಕೂರಿಸಿದ್ದ ಬೊಂಬೆಗಳ ಚಿತ್ರ ಅದರಲ್ಲಿತ್ತು. ಪೂರ್ತಿ ಅಂಕ ಸಿಕ್ಕ ತಲೆ, ಕುತ್ತಿಗೆ, ತೊಡೆ ಎಲ್ಲ ಹಸಿರು. ಡ್ರೈವರನ ಎದೆ ಮಾತ್ರ ಹಳದಿ. ಅವಳು ಆ ಎದೆಯ ಸುತ್ತ ಕೆಂಪು ಪೆನ್ನಿನಿಂದ ಗುಂಡಗೆ ಗೆರೆ ಎಳೆದಳು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಗಂಡನೊಂದಿಗೆ ಶೋರೂಮಿಗೆ ಹೋದಳು. ಅಲ್ಲಿ ಟೈ ಕಟ್ಟಿಕೊಂಡು ಕೂತಿದ್ದ ಹುಡುಗ ಇವಳನ್ನು ಕಂಡದ್ದೇ ಕುರ್ಚಿಯಿಂದ ಎದ್ದು ಕೈಕಟ್ಟಿ ನಿಂತ. ವೀರೇಶ. ಹನ್ನೊಂದು ವರ್ಷದ ಹಿಂದೆ ಇವಳದೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು, ವಿಜ್ಞಾನದಲ್ಲಿ ಮೂವತ್ತೆಂಟು ತಂದವನು.

"ಅಕ್ಕೋರ, ನೀವಾ? ಬರ್ರಿ, ಕುಂದರ್ರಿ. ಕಾಫಿ ತರಸ್ಲೇನ್ರಿ?"

"ಕಾಫಿ ಆಮ್ಯಾಲ. ಗುದ್ದಿಸಿದ ಪರೀಕ್ಷಾದಾಗ ಮೂವತ್ತೆರಡಕ್ಕ ಮೂವತ್ತೂವರಿ ಬಂದಾವ. ಒಂದೂವರಿ ಎಲ್ಲಿ ಹೋತು?"

ವೀರೇಶ ಪದ್ಮರಾಜನ ಮುಖ ನೋಡಿದ. ಪದ್ಮರಾಜ ಗಾಜಿನ ಮಾಳಿಗೆಯ ಕಡೆ ನೋಡಿದ.

"ಅದು... ಎದಿಗೆ ಸ್ವಲ್ಪ ಕಡಿಮಿ ಬಿದ್ದಾವ್ರಿ."

"ಯಾರ ಎದಿಗೆ?"

"ಡ್ರೈವರ್ ಸಾಹೇಬ್ರದ್ರಿ."

ಇಬ್ಬರೂ ಪದ್ಮರಾಜನ ಎದೆ ನೋಡಿದರು. ಅವನು ಅಂಗಿಯ ಗುಂಡಿ ಸರಿಮಾಡಿಕೊಂಡ.

"ಇರ್ಲಿ," ಎಂದು ಉಜ್ವಲಾ ಹಾಳೆ ತಿರುವಿದಳು. "ಹಿಂದಿನ ಸೀಟಿನ್ಯಾಗ ಯಾರನ್ನ ಕುಂದ್ರಿಸಿದ್ರು?"

"ಎರಡ ಸಣ್ಣ ಬೊಂಬಿ ಇರ್ತಾವ್ರಿ. ಒಂದು ಹದಿನೆಂಟ ತಿಂಗಳ ಕೂಸಿಂದು, ಒಂದು ಮೂರ ವರ್ಷದ್ದು."

"ಎಪ್ಪತ್ತಾರ ವರ್ಷದ್ದು?"

"ಹಂತಾದ್ದ ಇರೂದಿಲ್ರಿ."

"ನಮ್ಮ ಅತ್ತ್ಯಾರ ಹಿಂದಿನ ಸೀಟಿನ್ಯಾಗ ಕಾಲ ಮಡಚಿ ಪಟಗಾಲ ಹಾಕ್ಕೊಂಡ ಕುಂದರ್ತಾರ. ಪಟಗಾಲ ಹಾಕಿದ ಮುದುಕಿಗೆ ಏನಾಗತೈತಿ ಅನ್ನೂದು ಎಷ್ಟನೇ ಪುಟದಾಗ ಐತಿ?"

ಹಿಂದಿನಿಂದ ಅವನ ಮ್ಯಾನೇಜರ್ ಕಾಫಿ ಕಳಿಸಿದ. ವೀರೇಶನ ಹಣೆಯ ಮೇಲೆ ಹತ್ತನೆಯ ತರಗತಿಯ ಬೆವರೇ ಮೂಡಿತ್ತು. "ಬೆಲ್ಟ್ ಹಾಕ್ಕೊಂಡ್ರ ಏನೂ ಆಗೂದಿಲ್ರಿ ಅಕ್ಕೋರ," ಎಂದಷ್ಟೇ ಹೇಳಿದ. ಅದು ಸರಿಯಾದ ಉತ್ತರವೇ ಆಗಿತ್ತು. ಆದರೆ ಅವನಿಗೆ ತನ್ನ ಅತ್ತೆಯ ಪರಿಚಯವಿಲ್ಲ ಎಂದು ಉಜ್ವಲಾಳಿಗೆ ಅನಿಸಿತು.

ಗಾಡಿ ಬಂತು. ಬಸದಿಯ ಮುಂದೆ ನಿಲ್ಲಿಸಿ ಪೂಜೆಯಾಯಿತು. ಅತ್ತೆ ಬಾಳವ್ವ ಹಿಂದಿನ ಸೀಟಿಗೆ ಹತ್ತಿ, ಚಪ್ಪಲಿ ಕೆಳಗೆ ಬಿಟ್ಟು, ಎರಡೂ ಕಾಲು ಮೇಲೆ ಮಡಚಿ, ಮನೆಯ ಪಡಸಾಲೆಯಲ್ಲಿ ಕೂತಂತೆ ಕೂತಳು. ಗಾಡಿ ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು.

"ಏನಂತೈತಿ ಇದು?"

"ಬೆಲ್ಟ್ ಹಾಕ್ಕೋ ಅಂತೈತ್ರಿ, ಅತ್ತ್ಯಾರ."

"ನಾ ಏನ್ ಎತ್ತೇನ, ಕಟ್ಟಾಕ? ಬಾಯಿ ಮುಚ್ಚಂತ ಹೇಳ ಅದಕ್ಕ."

ಉಜ್ವಲಾ ಬೇಡಿದಳು, ವಾದಿಸಿದಳು, ನ್ಯೂಟನ್ನನ ನಿಯಮ ಹೇಳಿದಳು. ಬಾಳವ್ವ ಹೊರಗಿನ ಅರಿಶಿನದ ಹೊಲ ನೋಡುತ್ತ ಕೂತಳು. ಒಂದು ವಾರದ ನಂತರ ಟಿಣ್ ಟಿಣ್ ತಾನಾಗಿ ನಿಂತುಹೋಯಿತು. ಅತ್ತೆ ದಾರಿಗೆ ಬಂದಳೆಂದು ಉಜ್ವಲಾ ಸಂತೋಷಪಟ್ಟಳು. ತಿರುಗಿ ನೋಡಿದರೆ ಬೆಲ್ಟು ಬಾಳವ್ವನ ಬೆನ್ನ ಹಿಂದೆ ಹಾದು ಲಾಕ್ ಆಗಿತ್ತು. ಬಾಳವ್ವ ಅದಕ್ಕೆ ಒರಗಿ ಕೂತಿದ್ದಳು. ಉಪಾಯ ಪದ್ಮರಾಜನದು.

ಉಜ್ವಲಾ ಕೊನೆಯ ಬಾಣ ಬಿಟ್ಟಳು. "ಅತ್ತ್ಯಾರ, ನೀವು ಸುಳ್ಳ ಹೇಳಬಾರ್ದಂತ ಮುನಿಗಳ ಮುಂದ ವ್ರತ ಹಿಡದೀರಿ. ಈಗ ದಿನಾ ಗಾಡಿಗೆ ಸುಳ್ಳ ಹೇಳಾಕತ್ತೀರಲ್ಲ?"

ಎಪ್ಪತ್ತು ವರ್ಷ ಶಾಸ್ತ್ರ ಕೇಳಿದ ಕಿವಿಗಳು ಬಾಳವ್ವನವು.

"ಗಾಡಿಗೆ ಜೀವ ಐತೇನಬೇ? ಅದು ಅಜೀವ. ಅಜೀವಕ್ಕ ಹೇಳಿದ್ದು ಸುಳ್ಳನ ಲೆಕ್ಕಕ್ಕ ಬರೂದಿಲ್ಲ."

ಪದ್ಮರಾಜ ನಕ್ಕ. ಆ ನಗುವೇ ಉಜ್ವಲಾಳನ್ನು ಕೆರಳಿಸಿತು. ಮಾತಿನಲ್ಲಿ ಆಗದ್ದನ್ನು ಪ್ರಯೋಗದಲ್ಲಿ ತೋರಿಸಬೇಕು ಎಂಬುದು ಅವಳ ಪಾಠದ ಮೊದಲ ಸೂತ್ರ. ಪರೀಕ್ಷೆ ಮಾಡಿದವರ ಬಳಿ ಎಪ್ಪತ್ತಾರು ವರ್ಷದ ಬೊಂಬೆ ಇಲ್ಲದಿದ್ದರೆ ತಾನೇ ಒಂದು ಮಾಡಿದರಾಯಿತು ಎಂದುಕೊಂಡಳು.

ಭಾನುವಾರ ಬೆಳಿಗ್ಗೆ ಬಾಳವ್ವ ಬಸದಿಗೆ ಹೋದ ಹೊತ್ತು ನೋಡಿ ಗಾಣಕ್ಕೆ ಹೊರಟಳು. ಹಿಂದಿನ ತಿಂಗಳು ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಅತ್ತೆಯ ತೂಕ ಅರವತ್ತೊಂದು ಕಿಲೋ ಎಂದಿತ್ತು. ಗಾಣದಲ್ಲಿ ಹತ್ತು ಕಿಲೋದ ಬೆಲ್ಲದ ಪೆಂಟಿಗಳಿಗೆ ಬರವಿರಲಿಲ್ಲ. ಗೋಣಿಚೀಲದಲ್ಲಿ ಆರು ಪೆಂಟಿ ಇಟ್ಟು, ಮೇಲೆ ತಲೆಯ ಜಾಗಕ್ಕೆ ಒಂದು ಕಿಲೋದ ಅಚ್ಚು ಕೂರಿಸಿ, ಬಾಯಿ ಹೊಲಿಸಿದಳು. ಮನೆಯಿಂದ ತಂದಿದ್ದ ಅತ್ತೆಯ ಹಳೆಯ ಇಳಕಲ್ ಸೀರೆ ಉಡಿಸಿದಳು. ಲ್ಯಾಬಿನಲ್ಲಿ ಪ್ರತಿ ವಸ್ತುವಿಗೂ ಚೀಟಿ ಅಂಟಿಸುವ ಅಭ್ಯಾಸ, ಚೀಲದ ಮೇಲೆ ಚಾಕ್‌ಪೀಸಿನಿಂದ ಬರೆದಳು: "ಬಾಳವ್ವ. ವಯಸ್ಸು 76. ತೂಕ 61 ಕಿಲೋ."

ಹೊಸ ಗಾಡಿ ಕೊಡಲು ಪದ್ಮರಾಜ ಒಪ್ಪಲಿಲ್ಲ. ಗಾಣದ ಹಳೆಯ ಜೀಪೇ ಆಯಿತು. ಬೊಂಬೆ ಹಾರಿದರೆ ಡ್ರೈವರನ ತಲೆಗೆ ಬಡಿಯಬಾರದೆಂದು ಅದನ್ನು ಹಿಂದಿನ ಸೀಟಿನ ಎಡಗಡೆ ಕೂರಿಸಿದಳು. ಡ್ರೈವರ್ ಹುಲೆಪ್ಪ. ಇಪ್ಪತ್ತು ವರ್ಷದಿಂದ ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲದ ಪಾಕ ನೋಡುವವನು.

"ಅಕ್ಕೋರ, ಬ್ರೇಕ್ ಹಾಕಂದ್ರ ಹಾಕ್ತೇನ್ರಿ. ಆದ್ರ ಅವ್ವಾರು ಹಾರಿ ಬಿದ್ರ ನನ್ನ ಬೈಬಾರ್ದು."

"ಅವ್ವಾರಲ್ಲೋ, ಬೆಲ್ಲ."

"ಸೀರಿ ಅವ್ವಾರದ ಐತಲ್ರಿ," ಎಂದು ಹುಲೆಪ್ಪ ಬೊಂಬೆಗೊಮ್ಮೆ ಕೈಮುಗಿದು ಸ್ಟೇರಿಂಗ್ ಹಿಡಿದ.

ಗಾಣದ ಆಳುಗಳೆಲ್ಲ ಕೆಲಸ ಬಿಟ್ಟು ಸಾಲಾಗಿ ನಿಂತರು. ಉಜ್ವಲಾ ಪಾಠ ಮಾಡುವ ದನಿಯಲ್ಲಿ, "ನೋಡ್ರಿ, ಬಾಳವ್ವ, ಅರವತ್ತೊಂದ ಕಿಲೋ, ಬೆಲ್ಟ್ ಇಲ್ಲ, ವೇಗ ನಲವತ್ತು," ಎಂದು ಸಾರಿದಳು. ಜೀಪು ಧೂಳೆಬ್ಬಿಸುತ್ತ ಬಂತು. ಅವಳು ಕರವಸ್ತ್ರ ಬೀಸಿದಳು. ಹುಲೆಪ್ಪ ಎರಡೂ ಕಾಲಿಂದ ಬ್ರೇಕ್ ಒತ್ತಿದ.

ಬಾಳವ್ವನ ಬೊಂಬೆ ಸೀಟು ಬಿಟ್ಟು ಎದ್ದಿತು. ಮುಂದಿನ ಸೀಟಿನ ಮೇಲಿಂದ ಹಾದು ಗಾಜಿಗೆ ಬಡಿಯಿತು. ಗಾಜು ಜೇಡನ ಬಲೆಯಾಗಿ ಚೌಕಟ್ಟಿನಿಂದ ಕಿತ್ತುಹೋಯಿತು, ಚೀಲ ಹರಿಯಿತು, ಒಂದು ಕಿಲೋದ ತಲೆ ಬಾನೆಟ್ಟಿನ ಮೇಲೆ ಉರುಳಿ ಹುಲೆಪ್ಪನ ಹೆಂಡತಿಯ ಕಾಲ ಬಳಿ ನಿಂತಿತು.

ಆಗ ಹಿಂದಿನಿಂದ ಒಂದು ಮಾತು ಬಂತು.

"ಅದು ನನ್ನ ಸೀರಿ ಅಲ್ಲೇನು?"

ಗಾಣದಲ್ಲೇನೋ ನಡೆದಿದೆ ಎಂಬ ಸುದ್ದಿ ಕಿವಿಗೆ ಬಿದ್ದು ಬಾಳವ್ವ ಬಸದಿಯಿಂದ ನೇರ ಆಟೋ ಹಿಡಿದು ಬಂದಿದ್ದಳು. ಸೊಸೆ ಸಾರಿದ ಮಾತನ್ನೂ ಕೇಳಿದ್ದಳು, ಚೀಲದ ಮೇಲಿನ ಅಕ್ಷರವನ್ನೂ ಓದಿದಳು. ಸೊಸೆಗೆ ಒಂದು ಮಾತೂ ಅನ್ನದೆ, ಬೆಲ್ಲ ಮೆತ್ತಿದ ಸೀರೆಯನ್ನು ಎತ್ತಿಕೊಂಡು ಅದೇ ಆಟೋದಲ್ಲಿ ತಿರುಗಿ ಹೋದಳು. ಆ ಸೀರೆಗೆ ಅಷ್ಟರಲ್ಲೇ ಇರುವೆ ಹತ್ತಿದ್ದವು. ನೀರಿಗೆ ಹಾಕಿದರೆ ಇರುವೆ ಸಾಯುತ್ತವೆ. ಹೀಗಾಗಿ ಅದನ್ನು ಹಿತ್ತಲ ಬೇವಿನ ಮರಕ್ಕೆ ಹರವಿ, ಬೆಲ್ಲ ಮುಗಿದು ಇರುವೆಗಳು ತಾವಾಗಿ ಹೋಗುವ ತನಕ ನಾಲ್ಕು ದಿನ ಕಾಯಬೇಕಾಯಿತು. ಹಾದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿ ಹೋಗುತ್ತಿದ್ದರು.

ಸುದ್ದಿಗೆ ಇರುವೆಯಷ್ಟು ತಾಳ್ಮೆ ಇರಲಿಲ್ಲ. ತೇರದಾಳದಲ್ಲಿ, ಸೊಸೆ ಅತ್ತೆಯ ಹೆಸರು ಬರೆದು ಬೊಂಬೆ ಮಾಡಿಸಿದಳಂತೆ ಎಂದಿತ್ತು. ರಬಕವಿಯಲ್ಲಿ ಬೊಂಬೆಯ ತಲೆ ಕಡಿದಳಂತೆ ಎಂದಾಯಿತು. ಬನಹಟ್ಟಿ ದಾಟುವಾಗ ಬಾಳವ್ವ ಆಸ್ಪತ್ರೆ ಸೇರಿದ್ದಳು. ಮಂಗಳವಾರ ಬೀಳಗಿಯಿಂದ ಬಾಳವ್ವನ ತಂಗಿಯ ಮಗಳು ಕಾಂಚನಾ ಬಸ್ ಸ್ಟ್ಯಾಂಡಿನಿಂದಲೇ ಅಳುತ್ತ ಬಂದು, "ಯವ್ವಾ, ದೊಡ್ಡವ್ವನ ಮಾರಿ ಕಡೀಕ ಒಮ್ಮೆ ನೋಡಾಕ ಸಿಗಲಿಲ್ಲಲ್ಲೋ!" ಎಂದು ಬಾಗಿಲು ಬಡಿದಳು. ಬಾಗಿಲು ತೆಗೆದದ್ದು ಬಾಳವ್ವ.

"ನೋಡು, ಎಷ್ಟ ಬೇಕಷ್ಟ ನೋಡು. ಬಂದಿ ಅಂದ್ಮ್ಯಾಲ ಊಟ ಮಾಡ್ಕೊಂಡ ಹೋಗು," ಎಂದಳು.

ಕಾಂಚನಾ ಉಂಡು ಹೋದಳು. ಆದರೆ ಬಾಳವ್ವ ಸೊಸೆಯೊಡನೆ ಮಾತು ಬಿಟ್ಟಳು. ಹೇಳಬೇಕಾದ್ದೆಲ್ಲ ಪದ್ಮರಾಜನ ಮೂಲಕ. ಮೂವರೂ ಒಂದೇ ಅಡುಗೆಮನೆಯಲ್ಲಿದ್ದರೂ, "ಪದ್ಮಣ್ಣಾ, ಸಾರಿಗೆ ಉಪ್ಪ ಹೆಚ್ಚಾಗೇತಿ ಅಂತ ಹೇಳು," ಎನ್ನುತ್ತಿದ್ದಳು. ಪದ್ಮರಾಜ ಎರಡು ದಿನ ಹೇಳಿದ. ಮೂರನೆಯ ದಿನದಿಂದ ಹೊಲದಲ್ಲೇ ಉಣ್ಣತೊಡಗಿದ.

ಉಜ್ವಲಾ ಮೊದಲು ಸಿಟ್ಟಾದಳು. ಆಮೇಲೆ ಒಂದು ಮಧ್ಯಾಹ್ನ ಪಾಠದ ನಡುವೆ ಬೇವಿನ ಮರಕ್ಕೆ ತೂಗಿದ ಆ ಸೀರೆ ನೆನಪಾಗಿ, ಹೇಳುತ್ತಿದ್ದ ವಾಕ್ಯವೇ ಮರೆತುಹೋಯಿತು. ಬದುಕಿರುವವಳಿಗೆ ಅವಳ ಸಾವು ಹೀಗಿರುತ್ತದೆ ಎಂದು ಹತ್ತು ಜನರ ಮುಂದೆ ಮಾಡಿ ತೋರಿಸಿದ್ದು ಯಾವ ಪಾಠ? ಕ್ಷಮೆ ಕೇಳಬೇಕೆಂದು ಎರಡು ಸಲ ಅತ್ತೆಯ ಕೋಣೆಯವರೆಗೆ ಹೋದಳು. ಎರಡೂ ಸಲ ಬಾಳವ್ವ ಜಪಮಾಲೆ ಕೈಗೆತ್ತಿಕೊಂಡಳು.

ಎಂಟನೆಯ ದಿನ ರನ್ನ ಬೆಳಗಲಿಯಲ್ಲಿ ಪದ್ಮರಾಜನ ದಾಯಾದಿಗಳ ಮನೆಯಲ್ಲಿ ತೊಟ್ಟಿಲ ಕಾರ್ಯ. ಮೂವರೂ ಹೊರಟರು. ಬಾಳವ್ವ ಹಿಂದಿನ ಸೀಟಿಗೆ ಹತ್ತಿ ಕೂತು, ಎದೆ ಮುಂದೆ ಮಾಡಿ, ಮುಖ ಹೊರಗೆ ತಿರುಗಿಸಿದಳು.

"ಪದ್ಮಣ್ಣಾ, ಕಟ್ಟಂತ ಹೇಳು ನಿನ್ನ ಹೇಂತಿಗೆ. ಇಲ್ಲಂದ್ರ ಇನ್ನೊಂದ ಬೊಂಬಿ ಮಾಡ್ಯಾಳು. ಮನ್ಯಾಗ ಸೀರಿ ಉಳಿಯೂದಿಲ್ಲ."

ಉಜ್ವಲಾ ಓಡಿ ಬಂದು ಬೆಲ್ಟು ಎಳೆದು, ಸೆರಗು ಸುಕ್ಕಾಗದಂತೆ ಸರಿಮಾಡಿ ಹಾಕಿದಳು. "ಕಾಲ ಕೆಳಗ ಬಿಡಬೇಕಂತ ಹೇಳ್ರಿ," ಎಂದು ಗಂಡನಿಗೆ ಹೇಳಿದಳು.

"ಕಾಲಿನ ಮಾತ ಬ್ಯಾರೆ ಅಂತ ಹೇಳು."

ಬಾಳವ್ವ ಒಂದು ಕಾಲು ಕೆಳಗೆ ಬಿಟ್ಟಳು, ಇನ್ನೊಂದನ್ನು ಮೇಲೆ ಮಡಚಿಟ್ಟುಕೊಂಡಳು. ಅಲ್ಲಿಗೆ ರಾಜಿಯಾಯಿತು.

ಬೆಳಗಲಿಯಲ್ಲಿ ಹೆಸರಿಡುವುದು ತಡವಾಯಿತು. ಕೂಸಿಗೆ ಇಡಬೇಕಾದ ಹೆಸರಿನ ಬಗ್ಗೆ ಇಬ್ಬರು ಸೋದರತ್ತೆಯರ ನಡುವೆ ಜಗಳ ಬಿದ್ದು, ಹೊರಡುವಾಗ ಐದಕ್ಕೆ ಹತ್ತಿರವಾಗಿತ್ತು. ಬಾಳವ್ವ ಹೊತ್ತು ಮುಳುಗಿದ ಮೇಲೆ ತುತ್ತು ಬಾಯಿಗೆ ಇಡುವವಳಲ್ಲ. ಬೆಳಿಗ್ಗೆ ಉಂಡದ್ದು ಬಿಟ್ಟರೆ ಅಂದು ಏನೂ ತಿಂದಿರಲಿಲ್ಲ. ಅಲ್ಲಿಯ ಪಲ್ಯದಲ್ಲಿ ಬಟಾಟಿ ಇತ್ತು. ನೆಲದೊಳಗೆ ಬೆಳೆದದ್ದು ಅವಳಿಗೆ ಆಗದು.

"ಮನಿಗೆ ಮುಟ್ಟಿಸ್ತೇನಿ ತಡಿ ಯವ್ವಾ," ಎಂದು ಪದ್ಮರಾಜ ಗಾಡಿ ಬಿಟ್ಟ.

ರಬಕವಿ ದಾಟಿದ ಮೇಲೆ ದಾರಿ ಪಡುವಣಕ್ಕೆ ತಿರುಗಿತು. ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಿದ್ದ. ತಿರುವಿನ ಆಚೆ ಕಬ್ಬು ಹೇರಿದ ಎರಡು ಟ್ರಾಲಿಗಳ ಟ್ರ್ಯಾಕ್ಟರೊಂದು ಗಾಲಿ ಪಂಕ್ಚರಾಗಿ ರಸ್ತೆಯ ನಡುವೆಯೇ ನಿಂತಿತ್ತು. ಹಿಂದೆ ಕೆಂಪು ದೀಪವಿಲ್ಲ, ಕಲ್ಲು ಇಟ್ಟಿಲ್ಲ. ಕಬ್ಬಿನ ಸೋಗೆ ಜೋಲು ಬಿದ್ದು ಟ್ರಾಲಿಯ ಬೆನ್ನೇ ಕಾಣುತ್ತಿರಲಿಲ್ಲ. ಉಜ್ವಲಾಳ ಕಣ್ಣಿಗೆ ಅದು ಮೊದಲು ಹೊಲದಂತೆಯೇ ಕಂಡಿತು. ಅಷ್ಟರಲ್ಲಿ ಅಡ್ಡ ಬಂದದ್ದನ್ನು ಗುರುತಿಸಿದ ಗಾಡಿ ಕೀರೆಂದು ಚೀರಿ ತಾನೇ ಬ್ರೇಕ್ ಒತ್ತಿತು. ಅದರ ಮೇಲೆ ಪದ್ಮರಾಜನೂ ಒತ್ತಿದ. ಎಪ್ಪತ್ತರ ವೇಗ ನಲವತ್ತರ ಕೆಳಗೆ ಇಳಿಯಿತು. ನಿಲ್ಲಲಿಲ್ಲ.

ಸದ್ದಾಯಿತು. ಎದುರಿಗೆ ಬಿಳಿ ಗಾಳಿಚೀಲಗಳು ಉಬ್ಬಿ ನಿಂತವು, ಪಟಾಕಿಯ ವಾಸನೆ ತುಂಬಿತು.

ಉಜ್ವಲಾಳ ಎದೆ ಉರಿಯುತ್ತಿತ್ತು. ಪಕ್ಕಕ್ಕೆ ನೋಡಿದಳು. ಪದ್ಮರಾಜನ ಕನ್ನಡಕ ಮುರಿದಿತ್ತು, ಮೂಗಿನಿಂದ ಸಣ್ಣಗೆ ರಕ್ತ, ಕಣ್ಣು ಪಿಳಿಪಿಳಿ. ಹಿಂದೆ ತಿರುಗಲು ಧೈರ್ಯವಾಗಲಿಲ್ಲ. ಗಾಣದ ಅಂಗಳದಲ್ಲಿ ಉರುಳಿದ ಆ ಒಂದು ಕಿಲೋದ ಅಚ್ಚೇ ಕಣ್ಣ ಮುಂದೆ ಬಂತು. "ಅತ್ತ್ಯಾರ," ಎಂದಳು.

ಅದಕ್ಕೆ ಉತ್ತರ ಬಂದದ್ದು ಗಾಡಿಯ ಮಾಳಿಗೆಯಿಂದ. ಅಪಘಾತವಾದರೆ ಗಾಡಿಯೇ ಕಂಪನಿಗೆ ಫೋನು ಹಚ್ಚುವ ವ್ಯವಸ್ಥೆಯಿತ್ತು. ಯಾರಿಗಾದರೂ ಪೆಟ್ಟಾಗಿದೆಯೇ ಎಂದು ಒಬ್ಬ ಹುಡುಗಿಯ ದನಿ ಹಿಂದಿಯಲ್ಲಿ ಕೇಳಿತು: "ಆಪ್ ಸಬ್ ಠೀಕ್ ಹೈಂ? ಕಿಸೀ ಕೋ ಚೋಟ್ ಲಗೀ ಹೈ?"

"ಹಾಂ, ಹಮ್ ಠೀಕ್ ಹೈ," ಎಂದಳು ಬಾಳವ್ವ ಹಿಂದಿನ ಸೀಟಿನಿಂದ, ತುಸು ಏದುಸಿರಿನಲ್ಲಿ. "ತುಮ್ ಕಿದರ್ ಹೈ ಬೇಟಾ? ಖಾನಾ ಹುವಾ ಕ್ಯಾ?"

"ಜೀ... ಅಭೀ ನಹೀಂ," ಎಂದಿತು ಮಾಳಿಗೆ.

"ಹಮಾರಾ ಭೀ ನಹೀಂ ಹುವಾ," ಎಂದು ಬಾಳವ್ವ ತನ್ನ ಊಟದ ಲೆಕ್ಕವನ್ನೂ ಒಪ್ಪಿಸಿದಳು.

ಉಜ್ವಲಾ ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಬಾಗಿಲುಗಳು ಸಲೀಸಾಗಿ ತೆರೆದವು. ಅತ್ತೆಯನ್ನು ಇಳಿಸಿ, ತಲೆ, ಕುತ್ತಿಗೆ, ತೊಡೆ, ಮೊಣಕಾಲು ಎಲ್ಲ ಮುಟ್ಟಿ ನೋಡಿದಳು. ಬೆಲ್ಟು ಹಾದುಹೋದಲ್ಲಿ ಭುಜದಿಂದ ಕೆಳಗೆ ಕೆಂಪನೆಯ ಬರೆ. ಅಷ್ಟೇ.

ಗಾಡಿಯ ಮೋರೆ ಮಾತ್ರ ಉಳಿದಿರಲಿಲ್ಲ. ಬಾನೆಟ್ಟು ಹಪ್ಪಳದಂತೆ ಮುದುಡಿತ್ತು. ಹತ್ತು ನಿಮಿಷದಲ್ಲಿ ಹೊಲಗಳಿಂದ ಜನ ಕೂಡಿದರು. ಟ್ರ್ಯಾಕ್ಟರಿನ ಡ್ರೈವರ್ ಮುತ್ತಪ್ಪ ಗಾಲಿ ಬಿಚ್ಚುವ ಪಾನಾ ಹಿಡಿದುಕೊಂಡೇ ಓಡಿ ಬಂದ; ಯಾರಿಗೂ ಏನೂ ಆಗಿಲ್ಲವೆಂದು ತಿಳಿದ ಮೇಲೆ ಅವನ ಮುಖಕ್ಕೆ ಬಣ್ಣ ಬಂತು, ಬಾಯಿಗೆ ಮಾತು ಬಂತು.

"ಐದ ಸ್ಟಾರ್ ಅಂತಾರ, ಡಬ್ಬಿ ತಗಡ ಐತಲ್ರಿ ಇದು! ನಮ್ಮ ಟ್ರಾಲಿ ನೋಡ್ರಿ, ಒಂದ ಗೆರಿ ಬಿದ್ದಿಲ್ಲ. ಇದಕ್ಕ ಎಷ್ಟ ಸ್ಟಾರ್ ಕೊಡ್ತೀರಿ ಅಕ್ಕೋರ?"

"ಸೊನ್ನಿ," ಎಂದಳು ಉಜ್ವಲಾ.

"ಯಾಕ್ರಿ? ಏನೂ ಆಗಿಲ್ಲಲ್ರಿ ಅದಕ್ಕ?"

"ಅದಕ್ಕ ಆಗಿಲ್ಲ, ಹೊಡತ ಎಲ್ಲಾ ನಮ್ಮ ಕಡೆ ದಾಟಿಸೇತಿ. ನಮ್ಮ ಗಾಡಿ ಮುರಿದಿದ್ದಕ್ಕ ನಾವು ಮುರಿದಿಲ್ಲ. ಅದನ್ನ ಹಂಗ ಮುರಿಯಾಕಂತನ ಮಾಡಿರ್ತಾರ."

ಗುಂಪು ನಕ್ಕಿತು. ಮುರಿಯುವುದಕ್ಕಂತಲೇ ಗಾಡಿ ಮಾಡುತ್ತಾರಂತೆ! ಒಬ್ಬ ಕೈತಟ್ಟಿದ. ಉಜ್ವಲಾ ಆವೇಗ, ಬಲ, ಕಾಲ ಎಂದು ಶುರುಮಾಡಿದಳು. ಎದೆ ನೋವಿಗೆ ಉಸಿರು ಸಾಲಲಿಲ್ಲ.

"ಏ, ಸುಮ್ನಿರ್ರೋ," ಎಂದಳು ಬಾಳವ್ವ. ರಸ್ತೆಯ ಬದಿಗೆ ಕಬ್ಬಿನ ಹೊರೆಯ ಮೇಲೆ ಕೂತಿದ್ದಳು. "ಬಳಿಗಾರ ಬಳಿ ಹ್ಯಾಂಗ ತರ್ತಾನ? ಹುಲ್ಲಾಗ ಇಟ್ಟ ತರ್ತಾನಿಲ್ಲ? ಬುಟ್ಟಿ ಬಿದ್ದ ಹುಲ್ಲ ಚಪ್ಪಟಿ ಆತಂದ್ರ ಹುಲ್ಲಿನ ಮುಂದ ಕುಂತ ಅಳ್ತೀರೇನು? ಬಳಿ ಎಣಿಸ್ರಿ ಮದಲ. ಮೂರ ಬಳಿ ಅದಾವ, ಮೂರೂ ನೆಟ್ಟಗದಾವ."

ನಗು ನಿಂತಿತು. ಒಬ್ಬ ಮುದುಕ ಹೌದೌದು ಎಂದು ತಲೆದೂಗಿದ. ಉಜ್ವಲಾ ಅತ್ತೆಯ ಮುಖ ನೋಡಿದಳು. ಇಪ್ಪತ್ತೊಂದು ವರ್ಷದಲ್ಲಿ ಈ ಪಾಠವನ್ನು ಅವಳು ಒಮ್ಮೆಯೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಸೂರ್ಯ ಕಬ್ಬಿನ ಗರಿಗಳ ಮಟ್ಟಕ್ಕೆ ಇಳಿದಿದ್ದ. ಮುತ್ತಪ್ಪನ ಹೆಂಡತಿ ಗುರುಬಸವ್ವ ಟ್ರಾಲಿಯ ಹಿಂದಿನಿಂದ ಬುತ್ತಿಯ ಗಂಟು ತಂದಳು. "ರೊಟ್ಟಿ ಐತ್ರಿ ಯವ್ವಾ, ಆದ್ರ ಪಲ್ಯಾ ಉಳ್ಳಾಗಡ್ಡೀದು. ನಿಮಗ ನಡೆಯೂದಿಲ್ಲ. ಬಾಳಿಹಣ್ಣ ಅದಾವ, ತಗೋರಿ." ಮುತ್ತಪ್ಪ ಒಳ್ಳೆಯ ಜಲ್ಲೆಯೊಂದನ್ನು ಎಳೆದು, ಕುಡಗೋಲಿನಿಂದ ಸಿಪ್ಪೆ ಹೆರೆದು, ನೀರು ಹನಿಸಿ ಕೊಟ್ಟ. ಬಾಳವ್ವ ಪ್ರತಿ ಗಣ್ಣನ್ನೂ ತಿರುಗಿಸಿ ಹುಳು ಇಲ್ಲವೆಂದು ನೋಡಿ, ಎರಡು ಬಾಳೆಹಣ್ಣು ತಿಂದು, ಉಳಿದ ಹಲ್ಲುಗಳಿಂದ ಕಬ್ಬು ಸೀಳತೊಡಗಿದಳು. ಹೊತ್ತು ಮುಳುಗಲು ಇನ್ನೂ ಹತ್ತು ನಿಮಿಷವಿತ್ತು. ಪದ್ಮರಾಜ ಮೂಗಿಗೆ ಕರವಸ್ತ್ರ ಹಿಡಿದು, ಮಡಚಿದ ಬಾನೆಟ್ಟಿನ ಫೋಟೋ ತೆಗೆಯುತ್ತ ಸುತ್ತು ಹಾಕುತ್ತಿದ್ದ.

ಉಜ್ವಲಾ ಹೊರೆಯ ಇನ್ನೊಂದು ತುದಿಗೆ ಕೂತಳು.

"ಅತ್ತ್ಯಾರ, ಆ ಬೊಂಬಿದು ನಂದ ತಪ್ಪಾತ್ರಿ. ನಿಮ್ಮನ್ನ ಸತ್ತಾಂಗ ಮಾಡಿ ತೋರಿಸಬಾರ್ದಿತ್ತು."

ಬಾಳವ್ವ ಕಬ್ಬಿನ ಸಿಪ್ಪೆ ಉಗುಳಿದಳು. ಎಂಟು ದಿನದ ನಂತರ ಮೊದಲ ಸಲ ಸೊಸೆಯ ಮುಖಕ್ಕೆ ಮುಖ ಕೊಟ್ಟಳು.

"ಸಾಯೂದಕ್ಕ ಯಾರ ಅಂಜ್ಯಾರಬೇ? ಎಪ್ಪತ್ತಾರ ಆದುವು. ಅಲ್ಲಾ, ಅಷ್ಟ ಆಳ ಮಂದಿ ಮುಂದ, ಆ ಹುಲೆಪ್ಪನ ಮುಂದ, ಅರವತ್ತೊಂದ ಕಿಲೋ ಅಂತ ಕೂಗಿ ಹೇಳಿದಿ. ಚಾಕಿಲೆ ಬರದಿ ಬ್ಯಾರೆ. ಡಾಕ್ಟರ್ ತೂಗಿದಾಗ ಕೈಯಾಗ ಚೀಲಿತ್ತು, ಕೊಳ್ಳಾಗ ಸರಾ ಇತ್ತು. ಐವತ್ತೆಂಟರ ಮ್ಯಾಲ ನಾ ಎಂದೂ ಹೋಗಿಲ್ಲ."

"ಮೂರ ಕಿಲೋ ಹೆಚ್ಚಿಗಿ ಹಾಕೇನ್ರಿ," ಎಂದು ಉಜ್ವಲಾ ಒಪ್ಪಿಕೊಂಡಳು.

"ಹೂಂ. ಮತ್ತ? ನೀ ಏನಾರ ತಿಂದೀಯಿಲ್ಲ?" ಎಂದು ಬಾಳವ್ವ ಒಂದು ಗಣ್ಣು ಮುರಿದು ಕೊಟ್ಟಳು. ಉಜ್ವಲಾ ಅಗಿಯುವಾಗ ಎದೆ ನೋವಾದರೂ ಪೂರ್ತಿ ತಿಂದಳು.

ಗಾಡಿ ಎರಡು ತಿಂಗಳು ವರ್ಕ್‌ಶಾಪಿನಲ್ಲಿ ಕೂತಿತು. ಡಾಕ್ಟರು ಮೂವರನ್ನೂ ನೋಡಿ, ಪದ್ಮರಾಜನ ಮೂಗಿಗೆ ಪಟ್ಟಿ, ಉಜ್ವಲಾಳ ಎದೆಗೆ ಗುಳಿಗೆ, ಬಾಳವ್ವನಿಗೆ ಏನೂ ಬೇಡ ಎಂದರು. ವೀರೇಶ ಹಣ್ಣು ಹಿಡಿದುಕೊಂಡು ಮನೆಗೇ ಬಂದ. ಗಾಡಿ ಹೇಗೆ ನಡೆದುಕೊಂಡಿತು ಎಂದು ಹೆದರುತ್ತಲೇ ಕೇಳಿದ. ಉಜ್ವಲಾ "ಪಾಸ್," ಎಂದಳು. ಅವಳ ಬಾಯಿಂದ ಇದಕ್ಕಿಂತ ದೊಡ್ಡ ಮಾತನ್ನು ಅವನು ಎಂದೂ ಕೇಳಿರಲಿಲ್ಲ. ಕಣ್ಣರಳಿಸಿ ಹೋದ.

ಆದರೆ ಆ ಟ್ರಾಲಿಯ ಬೆನ್ನು ಅವಳ ಮನಸ್ಸಿನಿಂದ ಹೋಗಲಿಲ್ಲ. ಕಬ್ಬಿನ ಸೀಸನ್ ಇನ್ನೂ ಮುಗಿದಿರಲಿಲ್ಲ. ಜಮಖಂಡಿಯ ಅಂಗಡಿಯೊಂದರಿಂದ ಬೆಳಕು ಬಿದ್ದರೆ ಹೊಳೆಯುವ ಕೆಂಪು ಟೇಪಿನ ಎಂಟು ಸುರುಳಿ ತಂದಳು. ಭಾನುವಾರ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಮೈಲುದ್ದ ಸಾಲು ನಿಲ್ಲುತ್ತವೆ. ಅಲ್ಲಿಗೆ ಹೋಗಿ ಒಂದೊಂದೇ ಟ್ರಾಲಿಯ ಬೆನ್ನಿಗೆ ಅಂಟಿಸತೊಡಗಿದಳು. ಬಾಳವ್ವನೂ ಬರುತ್ತೇನೆಂದು ಹಟ ಹಿಡಿದಳು. ಬೇವಿನ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಬೇಡವೆನ್ನುವ ಡ್ರೈವರುಗಳನ್ನು ಹತ್ತಿರ ಕರೆದು ಭುಜದ ಬರೆ ತೋರಿಸಿ, ಕಥೆ ಹೇಳಿ ಕಳಿಸುತ್ತಿದ್ದಳು. ಕಥೆಯಲ್ಲಿ ಗಾಡಿಯ ವೇಗ ಪ್ರತಿ ಸಲ ಹತ್ತು ಹೆಚ್ಚುತ್ತಿತ್ತು. ಸತ್ಯದ ವ್ರತದ ಮಾತನ್ನು ಉಜ್ವಲಾ ಎತ್ತಲಿಲ್ಲ.

ಮುತ್ತಪ್ಪನೂ ಸಾಲಿನಲ್ಲಿದ್ದ. ಎರಡೂ ಟ್ರಾಲಿಗೆ ಅಂಟಿಸಿದ್ದಾದ ಮೇಲೂ ಹೋಗದೆ, ತಲೆ ಕೆರೆಯುತ್ತ ನಿಂತ.

"ಅಕ್ಕೋರ, ನಮ್ಮ ಮಾವ ಒಬ್ಬಾಂವ ಅದಾನ್ರಿ. ದಿನಾ ಸಂಜಿಮುಂದ ಸೈಕಲ್ ತಗೊಂಡ ಹೋಗಿ ಕುಡದ ಬರ್ತಾನ. ಅಂವಗ ಎರಡ ಇಂಚ ಸಿಕ್ಕೀತೇನ್ರಿ?"

"ಸೈಕಲ್ಲಿಗೇನು?"

"ಸೈಕಲ್ ಒಮ್ಮೊಮ್ಮೆ ಬಿಟ್ಟ ಬರ್ತಾನ್ರಿ. ಅಂಗಿಗೇ ಹಚ್ಚೂದು ಛಲೋ."

ಉಜ್ವಲಾ ಕತ್ತರಿ ತೆಗೆದು ಒಂದು ಮೊಳ ಕತ್ತರಿಸಿ ಕೊಟ್ಟಳು.